ಅಕ್ಕ ಅಳೆದ ರಸ್ತೆಯ ಸದ್ದು

ರಸ್ತೆ ಬದಿ ನಿಂತರೆ ಅಕ್ಕ ಕಣ್ಣು ಮುಚ್ಚಿ, ಬಲಗಿವಿಯ ಮೇಲೆ ಬಿದ್ದ ಕೂದಲನ್ನು ಎರಡು ಬೆರಳಲ್ಲಿ ಹಿಂದಕ್ಕೆ ಸರಿಸುತ್ತಿದ್ದಳು. "ಕಬ್ಬಿನ ಲಾರಿ ಕಣ್ಲಾ. ಲೋಡೈತೆ, ಬ್ರೇಕು ಸರಿಯಿಲ್ಲ," ಅನ್ನುವಳು. ತಿರುವಿನಲ್ಲಿ ಕಾಣಿಸಿಕೊಳ್ಳುವುದು ಅಂಥ ಲಾರಿಯೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮದ್ದೂರಿನಲ್ಲಿ ಆಟೋ ಓಡಿಸುವವನು. ಅವಳು ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುತ್ತಾ ರಸ್ತೆಯ ಸದ್ದು ಅಳೆಯುತ್ತಿದ್ದಳು. ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ವೇಗ ಎಂದು ತಿಳಿದರೆ ಸದ್ದು ಎಷ್ಟಾದೀತೆಂದು ಮೊದಲೇ ಲೆಕ್ಕ ಹಾಕುವಳು. ಆಮೇಲೆ ಸದ್ದು ಅಳೆಯುವ ಮೀಟರಿಟ್ಟು ತಾಳೆ ನೋಡುವಳು. "ಮೀಟರು ಸುಳ್ಳೇಳಕಿಲ್ಲ ಕಣ್ಲಾ. ತಪ್ಪಾದ್ರೆ ನಂದೇಯ," ಎನ್ನುತ್ತಿದ್ದಳು.

ಮಳವಳ್ಳಿ ರಸ್ತೆಗೆ ಅಂಟಿದ ಒಂದು ಶಾಲೆಯಲ್ಲಿ ಪಾಠ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಸದ್ದು ತಡೆಯುವ ಎತ್ತರದ ಗೋಡೆ ಬೇಕೆಂದು ಹೆಡ್ ಮೇಡಂ ಅರ್ಜಿ ಹಾಕಿದ್ದರು. ಗೋಡೆ ಆಗುವುದೂ ಬಿಡುವುದೂ ಅಕ್ಕನ ವರದಿಯ ಮೇಲಿತ್ತು. ಮೀಟರುಗಳು ಸಿಕ್ಕಿದ್ದು ಒಂದೇ ದಿನಕ್ಕೆ. ಒಂದನ್ನು ಇಟ್ಟುಕೊಂಡು ಅಕ್ಕ ತರಗತಿಯೊಳಗೆ ಕೂರುವುದು, ಇನ್ನೊಂದರ ಪಕ್ಕ ನಾನು ರಸ್ತೆ ಬದಿ ನಿಂತು ಗಾಡಿ ಎಣಿಸುವುದು ಎಂದಾಯಿತು.

ಹಿಂದಿನ ದಿನವೇ ಒಂದು ಬಿಳಿ ಅಂಗಿ ಕೊಟ್ಟಳು. "ಖಾಕಿ ಆಕ್ಕಂಡು ಬಂದ್ಬುಟ್ಟೀಯ, ಉಸಾರು! ಮೀಟರಿನ ಸ್ಟ್ಯಾಂಡಿನ ಪಕ್ಕ ಖಾಕಿ ಕಂಡ್ರೆ ಪೋಲೀಸ್ನೋರು ಸ್ಪೀಡು ಇಡೀತಾವ್ರೆ ಅಂದ್ಕಂಡು ಎಲ್ಲಾ ಬೆಕ್ಕಿನಂಗೆ ಓಯ್ತಾರೆ."

ಬೆಳಗ್ಗೆ ಒಂದು ಬಾಡಿಗೆ ಸಿಕ್ಕಿತು. ತಡವಾಗಿ, ಖಾಕಿಯಲ್ಲೇ ಓಡಿದೆ. ಅಕ್ಕ ಆಗಲೇ ಒಳಗಿದ್ದಳು. ನನ್ನನ್ನು ಕಂಡ ಮೊದಲ ಲಾರಿಯೇ ವೇಗ ಇಳಿಸಿತು. ಬಸ್ಸು ಹಾರ್ನ್ ಇಲ್ಲದೆ ತೆವಳಿತು. ಟ್ರಾಕ್ಟರಿನವನೊಬ್ಬ ಹಾಡು ನಿಲ್ಲಿಸಿ ನನಗೆ ಕೈಮುಗಿದ. ಅಂಗಿ ಬಿಚ್ಚಿದರೆ ಅದುವರೆಗಿನ ಅಳತೆಯೆಲ್ಲ ಕೆಟ್ಟಿತೆಂದು ಒಪ್ಪಬೇಕು. ಈಗ ಹೇಳೋಣ, ಇನ್ನೊಂದು ಲಾರಿ ಹೋಗಲಿ ಎನ್ನುತ್ತಲೇ ಹೊತ್ತು ಮುಗಿಯಿತು. ಅಕ್ಕ ಹೊರಬರುವಷ್ಟರಲ್ಲಿ ಅಂಗಿಯನ್ನು ಆಟೋದೊಳಗೆ ಎಸೆದು ಬನಿಯನ್ನಿನಲ್ಲಿ ನಿಂತಿದ್ದೆ.

"ಇದೇನ್ಲಾ ಅವತಾರ?"

"ಸೆಕೆ ಕಣಕ್ಕ."

ಮೀಟರಿನ ಅಂಕಿ ಅವಳ ಲೆಕ್ಕಕ್ಕಿಂತ ಬಹಳ ಕೆಳಗಿತ್ತು. ವಾರವಿಡೀ ತಲೆ ಕೆಡಿಸಿಕೊಂಡು ಕೂತಳು. "ಆವತ್ತು ರೋಡಲ್ಲಿ ಏನಾರ ಆಗಿತ್ತೇನ್ಲಾ?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ "ಏನೂ ಇಲ್ಲ ಕಣಕ್ಕ" ಅಂದೆ. ಅವಳು ಮೀಟರನ್ನೇ ನಂಬಿದಳು. ಗೋಡೆ ಮಂಜೂರಾಗಲಿಲ್ಲ.

ಈ ವರ್ಷ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ಅವಳ ಪುಸ್ತಕಗಳ ನಡುವೆ ಆ ದಿನದ ಹಾಳೆ ಸಿಕ್ಕಿತು. ತಾನು ಹಾಕಿದ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಬರೆದಿದ್ದಳು: "ನನ್ನ ಲೆಕ್ಕ ತಪ್ಪು."

ಅದುವರೆಗೂ ಮಡಿಕೆ ಬಿಚ್ಚದೆ ಇಟ್ಟಿದ್ದ, ಅಕ್ಕ ಕೊಟ್ಟ ಬಿಳಿ ಅಂಗಿ ತೊಟ್ಟು, ಹಾಳೆ ಹಿಡಿದು ಆ ಶಾಲೆಗೆ ಹೋದೆ. ಹೆಡ್ ಮೇಡಂ ಎದುರು ಮೆಲ್ಲಗೆ ಶುರುಮಾಡಿದೆ. ಹೊರಗೆ ಕಬ್ಬಿನ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಹೋಯಿತು. ಅವರು ಕಿವಿಗೆ ಕೈ ಹಿಡಿದು, "ಏನೂ ಕೇಳುಸ್ತಿಲ್ಲ ಕಣಪ್ಪ, ಜೋರಾಗಿ ಹೇಳು," ಅಂದರು.

ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ್ದರೂ ಸಾಕಾಗಿದ್ದ ಮಾತನ್ನು, ಮಕ್ಕಳೆಲ್ಲ ತಿರುಗಿ ನೋಡುವಂತೆ ಕೂಗಿ ಹೇಳಿದೆ: "ಅಕ್ಕನ ಲೆಕ್ಕ ಸರಿಯಾಗಿತ್ತು ಮೇಡಂ! ತಪ್ಪು ನಂದು!"