ಮಹಡಿ ಮನೆಯ ಅಕ್ಕ ವಿಜ್ಞಾನ ಪಾಸಾದದ್ದು

ಮೊನ್ನೆ ಯಾರೋ ಕೊಟ್ಟ ಹೂಗುಚ್ಛದಲ್ಲಿ ಗುಲಾಬಿಗಳ ಹಿಂದೆ ಜರೀಗಿಡದ ಎಲೆಯೊಂದಿತ್ತು. ಹೂವು ಬಾಡಿದ ಮೇಲೆ ಎಸೆಯಲು ಹೋದವಳು ಸುಮ್ಮನೆ ಎಲೆ ಮಗುಚಿ ನೋಡಿದೆ. ಹಿಂಬದಿಯಲ್ಲಿ ಸಾಲಾಗಿ ಕಂದು ಚುಕ್ಕಿಗಳು... ರಾಜಗೋಪಾಲನಗರದ ನಮ್ಮ ವಠಾರದ ಮಹಡಿ ಮನೆಯ ಅಕ್ಕ ನೆನಪಾದರು.

ಅಕ್ಕ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸಕ್ಕಿದ್ದರು. ಸೂಪರ್‌ವೈಸರ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು. ಉಳಿದ ವಿಷಯಗಳೆಲ್ಲ ಮುಗಿದಿದ್ದವು, ವಿಜ್ಞಾನವೊಂದು ಕೈಕೊಡುತ್ತಲೇ ಇತ್ತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಸಂಜೆ ಕೆಲಸದಿಂದ ಬಂದು, ಪುಟ್ಟ ಮಗಳಿಗೆ ಊಟ ಮಾಡಿಸಿ, ನನ್ನ ಜೊತೆ ಓದಲು ಕೂರುತ್ತಿದ್ದರು. ಸಸ್ಯಗಳ ವರ್ಗೀಕರಣದ ಪಾಠ ಬಂದಾಗ ಮಾತ್ರ ಪುಸ್ತಕ ಮುಚ್ಚಿಬಿಟ್ಟರು.

"ಶೈವಲ, ಹಾವಸೆ, ಅನಾವೃತಬೀಜ... ಈ ಹೆಸರು ತಲೇಲಿ ನಿಲ್ಲಲ್ಲ ಕಣೇ. ಕಣ್ಣಲ್ಲಿ ನೋಡಿದ್ರೆ ಮರೆಯಲ್ಲ ನಾನು."

ಭಾನುವಾರ ಇಬ್ಬರೂ ನೋಡಲು ಹೊರಟೆವು. ವಠಾರದ ತೊಟ್ಟಿಯಲ್ಲಿ ತೇಲುತ್ತಿದ್ದ ಹಸಿರು ಎಳೆಗಳನ್ನು ಅಕ್ಕ ಬೆರಳಿಗೆ ಸುತ್ತಿಕೊಂಡರು. ಬೇರು, ಕಾಂಡ, ಎಲೆ ಎಂಬುದೇ ಇಲ್ಲದ ಶೈವಲ. ನಲ್ಲಿ ಸೋರುವ ಗೋಡೆಯ ಮೇಲೆ ಹಾವಸೆ. ನೀರು ಮೇಲಕ್ಕೊಯ್ಯುವ ನಾಳಗಳು ಇದಕ್ಕಿಲ್ಲವೆಂದು ನಾನು ಓದಿ ಹೇಳಿದೆ.

"ಅದಕ್ಕೇ ಎತ್ತರ ಬೆಳೆಯಲ್ಲ. ಪೈಪಿಲ್ದಿದ್ರೆ ನಮ್ಮ ಮಹಡಿಗೆ ನೀರು ಬರುತ್ತಾ?" ಎಂದು ನಕ್ಕರು.

ಮೋರಿಯ ಕಲ್ಲುಸಂದಿಯಲ್ಲಿ ಜರೀಗಿಡ ಸಿಕ್ಕಿತು. ಅದಕ್ಕೆ ನಾಳಗಳಿವೆ, ಬೀಜವಿಲ್ಲ. ಎಲೆಯ ಹಿಂದಿನ ಚುಕ್ಕಿಗಳಲ್ಲಿ ಧೂಳಿನಂಥ ಬೀಜಕಗಳು, ಹೊಸ ಗಿಡ ಹುಟ್ಟುವುದು ಅವುಗಳಿಂದಲೇ. ಇನ್ನು ಉಳಿದದ್ದು ಅನಾವೃತಬೀಜ. ಆ ಗುಂಪಿನ ಸೈಕಾಸ್ ಗಿಡವಿದ್ದದ್ದು ಅಕ್ಕನ ಕಾರ್ಖಾನೆಯ ಗೇಟಿನೊಳಗೆ. ಸೆಕ್ಯೂರಿಟಿಯವರು ತಡೆದರು.

"ಇವತ್ತು ರಜ ಅಲ್ವೇನಮ್ಮಾ?"

"ಓದಕ್ಕೆ ಬಂದಿದ್ದೀನಿ ಅಣ್ಣ. ಆ ಗಿಡದ ಬೀಜಕ್ಕೆ ಸುತ್ತ ಹಣ್ಣಿರಲ್ವಂತೆ, ಬರಿಮೈಲಿ ಇರುತ್ತಂತೆ. ನೋಡ್ಕೊಂಡು ಹೋಗ್ಬಿಡ್ತೀವಿ."

ಅವರೂ ನಮ್ಮ ಜೊತೆ ಬಂದು ಬಗ್ಗಿ ನೋಡಿದರು. ಗರಿಗಳ ನಡುವೆ ಕಿತ್ತಳೆ ಬಣ್ಣದ ಬೀಜಗಳು.

"ದಿನಾ ನೀರು ಹಾಕ್ತೀನಿ, ಇದ್ನ ನೋಡೇ ಇರ್ಲಿಲ್ಲ" ಎಂದರು.

ಹೂಬಿಡುವ ಸಸ್ಯಗಳ ಪಾಠ ಮುಗಿದದ್ದು ಮನೆಯಲ್ಲಿ, ಅವರೆಕಾಯಿ ಸುಲಿಯುತ್ತ. ಬೀಜ ಕಾಯಿಯೊಳಗೆ ಭದ್ರ. ಹಿತುಕಿದರೆ ಎರಡು ಬೇಳೆ, ದ್ವಿದಳ. ರಾಗಿ, ಭತ್ತ ಏಕದಳ...

ಫಲಿತಾಂಶದ ದಿನ ಅಕ್ಕ ಸೈಬರ್ ಸೆಂಟರಿನಿಂದ ಓಡಿಬಂದರು. "ಪಾಸು ಕಣೇ!" ಎಂದಷ್ಟೇ ಹೇಳಿ ಅತ್ತುಬಿಟ್ಟರು. ನನ್ನಮ್ಮ ಅವರ ಬಾಯಿಗೆ ಸಕ್ಕರೆ ಹಾಕಿದರು. ಕೆಲವೇ ತಿಂಗಳಲ್ಲಿ ಅಕ್ಕ ಸೂಪರ್‌ವೈಸರ್ ಆದರು. "ನಮ್ಮ ವಠಾರದ ಅಕ್ಕ" ಎಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಹೋದ ವರ್ಷ ಅಕ್ಕ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಕಾರ್ಖಾನೆಯ ಹೆಣ್ಣುಮಕ್ಕಳು ಬೀದಿಯುದ್ದಕ್ಕೂ ನಿಂತಿದ್ದರು. ಪಕ್ಕದಲ್ಲಿದ್ದವಳೊಬ್ಬಳು ಕಣ್ಣೊರೆಸಿಕೊಂಡು, "ನನ್ ಕೈಲಿ ಪರೀಕ್ಷೆ ಬರೆಸಿದ್ದೇ ಅಕ್ಕ, ಮೇಡಂ. ಈಗ ನಾನೂ ಸೂಪರ್‌ವೈಸರ್" ಎಂದಳು. ಅವಳ ಹಿಂದಿದ್ದ ಇನ್ನಿಬ್ಬರು, "ನಮ್ ಕೈಲೂ" ಎಂದರು.

ನನಗೆ ಎಂಥ ಹೆಮ್ಮೆ... ಅದನ್ನು ಅಕ್ಕನಿಗೇ ಹೇಳಬೇಕೆಂದು ಇಂದಿಗೂ ಅನ್ನಿಸುತ್ತದೆ. ಕೇಳಲು ಅವರಿಲ್ಲ.