ತಾರೀಖಮ್ಮನಿಗೆ ನಂಬಿಕೆ ಬಾರದ ವಯಸ್ಸುಗಳು

ಜನನ-ಮರಣ ನೋಂದಣಿ ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕುಳಿತು ನಿವೃತ್ತಳಾದ ಆಕೆಗೆ ಊರಿಟ್ಟ ಹೆಸರು ತಾರೀಖಮ್ಮ. ಯಾರು ಏನೇ ಹೇಳಲಿ, ‘ಯಾವ ತಾರೀಖು?’ ಎಂಬುದೇ ಆಕೆಯ ಮೊದಲ ಮಾತು. ಶಾಲೆಗೆ ಸೇರಿಸಲು ವಯಸ್ಸು ಏರಿಸುವವರು, ಮದುವೆಗೆಂದು ಇಳಿಸುವವರು, ಎಲ್ಲರೂ ಆ ಕಿಟಕಿಗೇ ಬರುತ್ತಿದ್ದರು. ತನ್ನ ಹೆತ್ತ ತಾಯಿಯೇ ವಯಸ್ಸಿನಲ್ಲಿ ಎರಡು ವರ್ಷ ಮುಚ್ಚಿಟ್ಟಿದ್ದಾಳೆಂದು ಪತ್ತೆಹಚ್ಚಿ, ಒಂದು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದಳು.

ಗುರುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಎಂಟು ಜನ ಸೇರಿ ಬೈಬಲ್ ಓದುತ್ತಿದ್ದರು. ಅಂದು ಪಾದ್ರಿಗಳು ಆದಿಪಿತೃಗಳ ವಂಶಾವಳಿ ಓದಿದರು. ಆದಾಮ ಒಂಬೈನೂರ ಮೂವತ್ತು, ಮೆತೂಷೆಲ ಒಂಬೈನೂರ ಅರವತ್ತೊಂಬತ್ತು.

“ಆಗಿನ ಗಾಳಿ ಶುದ್ಧವಾಗಿತ್ತು,” ಎಂದ ನಿವೃತ್ತ ಕಾಂಪೌಂಡರ್.

“ಅವು ವರ್ಷ ಅಲ್ಲ, ತಿಂಗಳು ಇರ್ಬೇಕು,” ಎಂದಳು ಟೀಚರ್.

ತಾರೀಖಮ್ಮ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. “ತಿಂಗಳಾದ್ರೆ ಹನೋಕ ಐದು ವರ್ಷಕ್ಕೇ ಅಪ್ಪ ಆಗಿರ್ತಾನೆ. ಒಪ್ಕೋತೀರಾ? ಇನ್ನೊಂದು ನೋಡಿ. ಹೆಚ್ಚಿನ ಅಂಕಿಗಳು ಸೊನ್ನೆಗೋ ಐದಕ್ಕೋ ಮುಗಿಯುತ್ವೆ. ಮೂರು, ನಾಲ್ಕು, ಆರಕ್ಕೆ ಮುಗಿಯೋದು ಒಂದೂ ಇಲ್ಲ. ತಾರೀಖು ಗೊತ್ತಿಲ್ಲದವರು ನಮ್ಮ ಕಿಟಕಿಗೆ ಬಂದು ಹೀಗೇ ಹೇಳ್ತಿದ್ರು. ಅದೂ ಅಲ್ದೆ, ಮೆತೂಷೆಲನ ನೂರೆಂಬತ್ತೇಳಕ್ಕೆ ಮಗ, ಆ ಮಗನ ನೂರೆಂಬತ್ತೆರಡಕ್ಕೆ ನೋಹ, ನೋಹನ ಆರುನೂರನೇ ವರ್ಷಕ್ಕೆ ಜಲಪ್ರಳಯ. ಕೂಡಿಸಿ. ಒಂಬೈನೂರ ಅರವತ್ತೊಂಬತ್ತು! ಮುದುಕ ಪ್ರಳಯದ ವರ್ಷವೇ ಸತ್ತ. ಯಾರೋ ಕೂತು ಹೊಂದಿಸಿದ ಲೆಕ್ಕ ಇದು.”

“ಅಂದ್ರೆ ಸುಳ್ಳಾ?” ಪಾದ್ರಿಗಳ ಮುಖ ಗಂಟಿಕ್ಕಿತು.

“ಸುಳ್ಳು ಅಂತ ನಾನೆಲ್ಲಿ ಅಂದೆ ಫಾದರ್? ತಿದ್ದಿದ ದಾಖಲೆ ಅಂದೆ. ಯಾಕೆ ತಿದ್ದಿದ್ರು ಅಂತ ಗೊತ್ತಾಗ್ಬೇಕು.”

“ನಿಮ್ಮ ಅನುಮಾನಕ್ಕೆ ಮದ್ದಿಲ್ಲ ಬಿಡಿ,” ಎಂದು ಅವರು ನಕ್ಕುಬಿಟ್ಟರು. “ನಮ್ಮಲ್ಲೇ ಒಬ್ಬ ಮೆತೂಷೆಲ ಇದ್ದಾನೆ. ಹಾಸಿಗೆ ಅಜ್ಜನಿಗೆ ಬರೋ ತಿಂಗಳು ನೂರಹನ್ನೆರಡು ತುಂಬುತ್ತೆ. ಸನ್ಮಾನ ಇಟ್ಕೊಂಡಿದ್ದೀವಿ, ಪತ್ರಿಕೆಯವರೂ ಬರ್ತಾರೆ. ಪರಿಚಯ ಪತ್ರ ನೀವೇ ಬರೀರಿ.”

ತಾರೀಖಮ್ಮನ ಕಿವಿ ನೆಟ್ಟಗಾಯಿತು. ಹತ್ತಿ ಹಾಸಿಗೆ ಹೊಲಿಯುತ್ತಿದ್ದ ಆ ಅಜ್ಜ ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾನೆಂದು ಅವನ ಮಗಳು ಹೇಳಿಕೊಂಡು ತಿರುಗುತ್ತಿದ್ದಳು. ಪತ್ರಿಕೆಯಲ್ಲಿ ಫೋಟೊ ಬರಲೆಂದು ಆ ಮಗಳೇ ವಯಸ್ಸು ಎಳೆದಿದ್ದಾಳೆ ಎಂದು ತಾರೀಖಮ್ಮ ಆಗಲೇ ತೀರ್ಮಾನಿಸಿದಳು.

ಮರುದಿನ ಚರ್ಚಿನಲ್ಲಿ ಹುಟ್ಟಿದ ಮಕ್ಕಳ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕ ತೆಗೆಸಿದಳು. ನೂರಹನ್ನೆರಡು ವರ್ಷ ಹಿಂದಿನ ಪುಟದಲ್ಲಿ ಅಜ್ಜನ ಹೆಸರು, ತಂದೆತಾಯಿಯ ಹೆಸರು, ಎಲ್ಲವೂ ಸರಿಯಾಗಿಯೇ ಇದ್ದವು. ಇನ್ನೊಬ್ಬರಾಗಿದ್ದರೆ ಪುಸ್ತಕ ಮುಚ್ಚುತ್ತಿದ್ದರು. ಈಕೆ ಮುಂದೆ ತಿರುವಿದಳು. ನಾಲ್ಕು ಹೆಣ್ಣುಮಕ್ಕಳಾದ ಮೇಲೆ, ಹದಿನಾಲ್ಕು ವರ್ಷದ ನಂತರ, ಅದೇ ತಂದೆತಾಯಿಗೆ ಅದೇ ಹೆಸರಿನ ಮಗ. ಸಮಾಧಿಯ ಪುಸ್ತಕ ನೋಡಿದರೆ, ಮೊದಲನೆಯ ಮಗು ಮೂರನೇ ವರ್ಷಕ್ಕೆ ತೀರಿಹೋಗಿತ್ತು.

ಅಜ್ಜನಿಗೆ ತೊಂಬತ್ತೆಂಟು.

ಅವನ ಮನೆಗೆ ಹೋದಾಗ ಮಗಳು ಬಾಗಿಲಲ್ಲೇ ತಡೆದಳು. “ಏನ್ ಮೇಡಂ, ವಿಚಾರಣೆಗೆ ಬಂದ್ರಾ?”

“ಬಿಡೇ ಒಳಗೆ,” ಎಂದ ಅಜ್ಜ ಗೋಡೆಗೆ ಒರಗಿದ್ದಲ್ಲಿಂದಲೇ.

ತಾರೀಖಮ್ಮ ಎರಡು ತಾರೀಖುಗಳನ್ನೂ ಓದಿದಳು. “ಇದರಲ್ಲಿ ನೀವು ಯಾವುದು ಅಜ್ಜ?”

ಮಗಳ ಮುಖ ಬಿಳಿಚಿಕೊಂಡಿತು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

“ಎರಡನೆಯವನು,” ಎಂದ ಅಜ್ಜ. “ಆದ್ರೆ ನಮ್ಮಮ್ಮ ತೀರಿಹೋದ ಅಣ್ಣನ ತಾರೀಖಿಂದ್ಲೇ ಎಣಿಸ್ತಿದ್ಲು ತಾಯಿ. ನಾನು ಹುಟ್ಟಿದ ದಿನವೇ ‘ನನ್ನ ಮಗನಿಗೆ ಹದಿನಾಲ್ಕಾಯ್ತು’ ಅಂದ್ಲಂತೆ. ಅವಳು ಸಾಯೋ ತನಕ ತಿದ್ದೋಕೆ ಧೈರ್ಯ ಬರಲಿಲ್ಲ. ಆಮೇಲೆ ಅದೇ ರೂಢಿ ಆಗೋಯ್ತು.”

“ಇದು ಕಟ್ಟುಕಥೆ ಅಲ್ಲ ಅಂತ ಹೇಗೆ ನಂಬ್ಲಿ?”

“ನಂಬಬೇಡ. ನಿನ್ನ ಲೆಕ್ಕವನ್ನೇ ಬರಿ.”

ಹಿಂದಿರುಗುವ ದಾರಿಯುದ್ದಕ್ಕೂ ಆಕೆಗೆ ಆದಿಪಿತೃಗಳ ಪಟ್ಟಿಯೇ ಕಣ್ಣಮುಂದೆ. ಒಂದೊಂದು ಹೆಸರಿನ ಕೆಳಗೆ ಎಷ್ಟು ಮಂದಿ ಬದುಕಿ ಸತ್ತಿದ್ದರೋ! ತೀರಿಹೋದ ಯಾರನ್ನೋ ಲೆಕ್ಕದಿಂದ ಬಿಡಲು ಮನಸ್ಸಾಗದೆ ಯಾವ ತಾಯಿ, ಯಾವ ಮೊಮ್ಮಗ ವರ್ಷಗಳನ್ನು ಕೂಡಿಸಿದ್ದರೋ! ಪಾದ್ರಿಗಳಿಗೆ ಇದನ್ನು ಹೇಳಿದಾಗ ಅವರು ಆಕೆಯ ಧಾಟಿಯಲ್ಲೇ ಕೇಳಿದರು, “ದಾಖಲೆ ಇದೆಯಾ?”

“ಇಲ್ಲ. ಅನುಮಾನ ಅಷ್ಟೇ.”

ಪರಿಚಯ ಪತ್ರದಲ್ಲಿ ಆಕೆ ತೊಂಬತ್ತೆಂಟು ಎಂದೇ ಬರೆದಳು. ಸನ್ಮಾನದ ದಿನ ಪತ್ರಿಕೆಯವರು ಬರಲಿಲ್ಲ, ಕುರ್ಚಿಗಳಲ್ಲಿ ಅರ್ಧ ಖಾಲಿ. ಮಗಳು ತಾರೀಖಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಹೆಗಲಿಗೆ ಶಾಲು ಹೊದಿಸಿದ ಮೇಲೆ ಅಜ್ಜ ಆಕೆಯನ್ನು ಹತ್ತಿರ ಕರೆದ.

“ಆ ಪುಸ್ತಕದಲ್ಲಿ ಅಣ್ಣನನ್ನ ಎಲ್ಲಿ ಹೂತರು ಅಂತ ಬರೆದಿದೆಯಾ? ಅಮ್ಮ ಒಂದಿನವೂ ತೋರಿಸ್ಲಿಲ್ಲ. ತೋರಿಸಿದ್ರೆ ಅವನು ಸತ್ತಿದ್ದು ನಿಜ ಆಗ್ತಿತ್ತಲ್ಲ.”

ಸಾಲಿನ ಸಂಖ್ಯೆ ಇತ್ತು. ಇಬ್ಬರೂ ಮೆಲ್ಲಗೆ ಸಮಾಧಿ ಸ್ಥಳಕ್ಕೆ ನಡೆದರು. ಏಳನೇ ಸಾಲಿನ ಕೊನೆಯಲ್ಲಿ ಕಲ್ಲಿರಲಿಲ್ಲ, ಹುಲ್ಲಷ್ಟೇ ಇತ್ತು.

“ಇಲ್ಲೇ ಇರ್ಬೇಕು,” ಎಂದಳು ತಾರೀಖಮ್ಮ. “ಒಂದೆರಡು ಅಡಿ ಆಚೀಚೆ ಆಗಿರಬಹುದು. ಖಾತ್ರಿ ಕೊಡಲ್ಲ ಅಜ್ಜ.”

ಅಜ್ಜ ಶಾಲನ್ನು ಹುಲ್ಲಿನ ಮೇಲೆ ಹಾಸಿ, ಮೊಣಕಾಲು ಮಡಚಲು ಆಕೆಯ ತೋಳು ಹಿಡಿದುಕೊಂಡ.