ನೀರು ಮುಟ್ಟಿದ ಉದ್ದ

ಅಥವಾ ಆರು ಮಂದಿಯೋ. ದೋಣಿಯಲ್ಲಿ ನಾಲ್ವರು ಹುಟ್ಟು ಹಾಕುತ್ತಿದ್ದರು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆ ಬೆನ್ನುಗಳನ್ನು ಈಗ ಎಣಿಸಹೋದರೆ ಪ್ರತಿಸಲ ಬೇರೆ ಸಂಖ್ಯೆ ಬರುತ್ತದೆ. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅದರಲ್ಲಿ ಅನುಮಾನವಿಲ್ಲ.

ಚೊಚ್ಚಲ ಹೆರಿಗೆಗೆಂದು ಅವಳು ಪಾಣೆಮಂಗಳೂರಿಗೆ, ನಮ್ಮ ಮನೆಗೆ ಬಂದಿದ್ದಳು. ನೋವು ಎರಡನೆಯ ದಿನಕ್ಕೆ ದಾಟಿತು. ದಾರಿಯ ಮೋರಿ ಕುಸಿದು ಮಂಗಳೂರಿನ ಆಸ್ಪತ್ರೆಗೆ ಹೋಗಲು ಬಸ್ಸಿರಲಿಲ್ಲ. ಹೊಳೆ ದಾಟುವ ಕಡವಿನಲ್ಲಿ ಎರಡು ದೋಣಿಗಳು. ನೆರೆಯವನದು ಹೊಯಿಗೆ, ಅಂದರೆ ಮರಳು, ಹೇರುವಂಥದು, ಅಪ್ಪನದು ಮದುವೆಯ ದಿಬ್ಬಣ ಸಾಗಿಸುವಂಥದು. ತುದಿಯಿಂದ ತುದಿಗೆ ಎರಡೂ ಒಂದೇ ಅಳತೆ. ಆದರೆ ಮೂತಿಗೆ ಕಟ್ಟುವ ಹೂಮಾಲೆ ನೀರಿಗೆ ತಾಗಬಾರದೆಂದು ಅಪ್ಪ ಹಟಹಿಡಿದು, ತಮ್ಮದರ ಎರಡೂ ತುದಿಗಳನ್ನು ಎತ್ತಿ ಬಾಗಿಸಿದ್ದರು. ನೀರಿನಲ್ಲಿ ಅದು ಮೂರು ಕೋಲು, ಅಂದರೆ ಏಳು ಅಡಿ, ಗಿಡ್ಡವಾಯಿತೆಂದು ಕಟ್ಟಿದ ಆಚಾರಿ ಆಗಲೇ ಗೊಣಗಿದ್ದನಂತೆ.

“ನನ್ನದರಲ್ಲಿ ಹೋಗುವ, ಅಣ್ಣ. ಇದು ನೀರಲ್ಲಿ ಉದ್ದಕ್ಕೆ ಕೂತು ಓಡ್ತದೆ,” ಎಂದ ನೆರೆಯವನು.

“ಹೊಯಿಗೆ ಹೊರುವುದರಲ್ಲಿ ಮಗಳನ್ನು ಮಲಗಿಸ್ಲಿಕ್ಕೆ ಉಂಟಾ ಮಾರಾಯ?” ಎಂದರು ಅಪ್ಪ.

ಇದನ್ನು ಕಡವಿನಲ್ಲೇ ಕೇಳಿದೆನೋ, ಅಕ್ಕನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ದಿನ ಯಾರೋ ಹೇಳಿದ್ದನ್ನು ಕೇಳಿದೆನೋ, ಖಚಿತವಿಲ್ಲ.

ಅಪ್ಪನ ದೋಣಿಯಲ್ಲೇ ಹೊರಟು, ನೇತ್ರಾವತಿಯಲ್ಲಿ ಮೊದಲು ಚೆನ್ನಾಗಿಯೇ ಹೋದೆವು. ಬೇಗ ಬೇಗ ಎಂದು ಅಪ್ಪ ಅವಸರಪಡಿಸಿದಂತೆ ಮೂತಿಯ ಎದುರು ಒಂದು ಅಲೆ ಎದ್ದಿತು, ಹಿಂದೆ ಇನ್ನೊಂದು. ಅವುಗಳ ನಡುವಿನ ತಗ್ಗಿನಲ್ಲಿ ದೋಣಿ ಕೂತುಬಿಟ್ಟಿತು. ಅಪ್ಪನೂ ಹುಟ್ಟು ಹಿಡಿದರು. ಅಲೆ ಎತ್ತರವಾಯಿತೇ ಹೊರತು ದಡದ ತೆಂಗಿನಮರಗಳು ಮೊದಲಿಗಿಂತ ಬೇಗ ಹಿಂದೆ ಸರಿಯಲಿಲ್ಲ.

ದೋಣಿ ಎಬ್ಬಿಸುವ ಅಲೆಯನ್ನು ಅದೇ ದೋಣಿ ಹತ್ತಲಾರದು, ನೀರು ಮುಟ್ಟಿದ ಉದ್ದ ಎಷ್ಟೋ ಅಷ್ಟಕ್ಕೇ ವೇಗದ ಮಿತಿ ಎಂದು ಬಹಳ ವರ್ಷಗಳ ಮೇಲೆ ಓದಿದೆ. ಉದ್ದ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು ಮಾತ್ರ. ಮೂರು ಕೋಲಿನ ವ್ಯತ್ಯಾಸವನ್ನು ಆ ಲೆಕ್ಕಕ್ಕೆ ಹಾಕಿ ನೋಡಿದೆ. ನಮಗೆ ತಡವಾದದ್ದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ.

ಅಕ್ಕನೂ ಮಗುವೂ ಉಳಿಯಲಿಲ್ಲ. ಸ್ವಲ್ಪ ಮೊದಲು ತರಬೇಕಿತ್ತು ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದರು. ಸ್ವಲ್ಪ ಎಂದರೆ ಎಷ್ಟು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಗೊತ್ತಿಲ್ಲ.